ಏರುವ ಚರಣ

"ಅಲ್ಲ ಮಾರಾಯ್ರೇ, ಸ್ವರಕ್ಕೆ ಮರ್ಯಾದೆ ಕೊಡಿ, ಮರ್ಯಾದೆ!"

ದನಿ ದಯಾನಂದರದೇ, ಬಾಯಿ ಮಾತ್ರ ತಬಲದ ಶಶಿಕಿರಣನದು. ತನ್ನನ್ನು ಯಾರೋ ಅಣಕಿಸುತ್ತಿದ್ದಾರೆಂದು ತಿಳಿಯಲು ಹಾರ್ಮೋನಿಯಂ ಮುಂದೆ ಕೂತಿದ್ದ ದಯಾನಂದರಿಗೆ ಒಂದು ಗಳಿಗೆ ಬೇಕಾಯಿತು. ಅಣಕ ಚೆನ್ನಾಗಿಯೇ ಇತ್ತು.

"ಮೆತ್ತಗೆ ಮಾರಾಯ," ಎಂದಳು ಗಾಯಕಿ ರೂಪಶ್ರೀ.

"ಅವ್ರಿಗೆಂತ ಕೇಳ್ತದೆ? ಪಕ್ಕದಲ್ಲಿ ಜೀಪ್ ಹಾರ್ನ್ ಹೊಡೆದ್ರೂ ತಾಳ ಹಾಕ್ತಾರೆ."

ಕೇಳುತ್ತಿತ್ತು. ಮೂರು ದಿನದ ಹಿಂದೆ ಚಿಕ್ಕಮಗಳೂರಿಗೆ ಹೋಗಿ ಹಾಕಿಸಿಕೊಂಡ ಮೆಷಿನ್ನು ಕಿವಿಯ ಹಿಂದಿತ್ತು, ಅದರ ಮೇಲೆ ಮಫ್ಲರು. ಮೂಡಿಗೆರೆ ಬಸ್‌ಸ್ಟ್ಯಾಂಡ್ ಹಿಂದಿನ ಈ ಮಹಡಿಗೆ ಅಭ್ಯಾಸಕ್ಕೆ ಬರುವ ಯಾರಿಗೂ ಅವರು ಹೇಳಿರಲಿಲ್ಲ. ಎಸ್ಟೇಟ್ ರೈಟರಾಗಿ ಲೆಕ್ಕ ಬರೆಯುತ್ತಲೇ ಹಾಡಿಗೆ ರಾಗ ಹಾಕಿ ಹೆಸರು ಮಾಡಿದವರು. ಆ ಹೆಸರಿಗೆ 'ಪಾಪ' ಸೇರಿಕೊಳ್ಳುವುದು ಬೇಡವಾಗಿತ್ತು. ತಮಾಷೆಯೆಂದರೆ, ಈ ಎರಡು ವರ್ಷದಲ್ಲಿ ಕಿವಿ ಇಳಿದಷ್ಟೂ ಕೀರ್ತಿ ಏರಿತ್ತು. ಆಲ್ದೂರಿನಲ್ಲಿ ಶಾಲು ಹೊದಿಸಿದವರು, ಈ ವಯಸ್ಸಿನಲ್ಲೂ ಇವರ ಚರಣಗಳು ಹಕ್ಕಿಯಂತೆ ಮೇಲೇರುತ್ತವೆ ಎಂದಿದ್ದರು. ಭಾನುವಾರ ಅವರ ಹೆಸರಿನಲ್ಲೇ ಹೊಸ ಹಾಡುಗಳ ರೆಕಾರ್ಡಿಂಗು.

"ಶುರು ಮಾಡಿ," ಎಂದರು.

ಪಲ್ಲವಿ ಬಂತು. ತಮ್ಮದೇ. ಚರಣಕ್ಕೆ ಬಂದ ರೂಪಶ್ರೀ ಧೈವತದ ಮೇಲೆ ಒಂದು ಕ್ಷಣ ನಿಂತು, ನಡುವಿನ ನಿಷಾದ ಬಿಟ್ಟು ಸೀದಾ ಮೇಲಿನ ಷಡ್ಜಕ್ಕೆ ಹಾರಿದಳು. ದಯಾನಂದರ ಮೈ ಜುಮ್ಮೆಂದಿತು. ಆಮೇಲೆ ಹಾರ್ಮೋನಿಯಂ ಮೇಲಿನ ಕೈ ನಿಂತಿತು. ಅವರು ಈ ಹಾರಾಟ ಬರೆದಿರಲಿಲ್ಲ.

"ರೂಪಾ, ಚರಣ ಇನ್ನೊಂದ್ಸಲ. ನಾನು ಬರ್ಕೊಟ್ಟ ಹಾಗೆ."

"ಹಾಗೇ ಹಾಡಿದ್ದು ಸರ್..."

ಅವರು ಮಫ್ಲರ್ ಬಿಚ್ಚಿದರು, ಕಿವಿಯ ಹಿಂದಿನ ಮೆಷಿನ್ನು ಕಂಡಿತು. ಶಶಿಕಿರಣ ತಬಲದ ಸುತ್ತಿಗೆ ಹುಡುಕುವವನಂತೆ ಬಗ್ಗಿಬಿಟ್ಟ.

ರೂಪಶ್ರೀ ತಲೆ ತಗ್ಗಿಸಿ, ಬರೆದಂತೆಯೇ ಹಾಡಿದಳು. ಗೂಟಕ್ಕೆ ಕಟ್ಟಿದ ಕರುವಿನಂತೆ ರಾಗ ಕೆಳಗಿನ ನಾಲ್ಕೇ ಸ್ವರಗಳನ್ನು ಸುತ್ತಿತು. ಮೆಷಿನ್ನಿಲ್ಲದೆ ರಾಗ ಹಾಕುವಾಗ ಆ ನಾಲ್ಕೇ ಅವರಿಗೆ ಸ್ಪಷ್ಟವಾಗಿ ಕೇಳುತ್ತಿದ್ದವು.

"ಯಾವಾಗಿಂದ?"

"ಆಲ್ದೂರಿನ ಹಾಡಿಂದ," ಎಂದಳು. "ನಿಮ್ಗೆ ಬೇಜಾರಾಗ್ಬಾರ್ದು ಅಂತ... ನಿಮ್ ಹಳೇ ಹಾಡು ಹೇಗಿರ್ತಿತ್ತೋ ಹಾಗೆ ಮಾಡ್ಕೊಂಡೆ ಸರ್. ಭಾನುವಾರ ಬರ್ದ ಹಾಗೇ ಹಾಡ್ತೀನಿ."

ಕೆಳಗೆ ಕಳಸದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ.

"ಬೇಡ," ಎಂದರು ದಯಾನಂದರು. ಹಾರ್ಮೋನಿಯಂ ಹತ್ತಿರಕ್ಕೆ ಎಳೆದುಕೊಂಡರು. "ನಿಂದು ಹೇಳ್ಕೊಡು."

ಅವಳು ಮೆಲ್ಲಗೆ ಹಾಡಿದಳು. ಅವರ ಬೆರಳು ಹಿಂದೆಯೇ ಹತ್ತಿತು, ಧೈವತ ದಾಟಿತು.

"ನಿಷಾದ ಬೇಡ ಸರ್."

ಬೆರಳೆತ್ತಿದರು. ತಿದಿಯಲ್ಲಿ ಉಳಿದ ಗಾಳಿ ಸ್ವರವಿಲ್ಲದೆ ಸುಯ್ಯೆಂದು ಹೊರಟಿತು. ಅದೂ ಕೇಳಿಸಿತು.