ಬೆಳಕಿಗಾಗಿ ತೆರೆದ ಬಾಗಿಲು

“ಹಲ್ಲು ಮುಚ್ರೇ, ಮುಂಡೇವ! ನಿಮ್ಮಪ್ಪನ ಮದುವೆ ಏನಾದ್ರೂ ನಡೀತಿದ್ಯಾ ಇಲ್ಲಿ? ಸಾಹೇಬ್ರು ನಗಬೇಡಿ ಅಂದಿದ್ದು ಕಿವಿಗೆ ಬೀಳ್ಲಿಲ್ವಾ?”

ಮೇಸ್ತ್ರಿಯ ಅಬ್ಬರಕ್ಕೆ ಹನ್ನೊಂದು ಹೆಂಗಸರು ತುಟಿ ಬಿಗಿದರು. ಹನ್ನೆರಡನೆಯವಳು, ಎಲ್ಲರಿಗಿಂತ ಹಿರಿಯಳಾದ ಅತ್ತೆ, ಎಷ್ಟು ಕಚ್ಚಿ ಹಿಡಿದರೂ ಸೋತಳು. ಆಕೆಯ ಗಂಟಲಿನಿಂದ ತುಕ್ಕು ಹಿಡಿದ ಸೀಟಿಯಂಥ ಸದ್ದೊಂದು ಹೊರಟಿತು. ಅಷ್ಟೇ ಸಾಕಾಯಿತು. ಉಳಿದ ಹನ್ನೊಂದು ಮಂದಿಯೂ ಹಳೆಬಟ್ಟೆಯ ರಾಶಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಉರುಳಿದರು.

ಸಂಶೋಧಕ ಕ್ಯಾಮರಾದಿಂದ ಕಣ್ಣು ತೆಗೆದ. ಮನುಷ್ಯರ ಬದುಕನ್ನು ಚಿತ್ರದಲ್ಲಿ ಹಿಡಿದು ಅಭ್ಯಾಸ ಮಾಡುವುದು ಅವನ ಶಾಸ್ತ್ರ. ಹಳೆಬಟ್ಟೆ ಬಿಡಿಸಿ ವಿಂಗಡಿಸುವ ಹೆಂಗಸರು ಈ ಸಲದ ವಿಷಯ. “ಪರವಾಗಿಲ್ಲ. ನಾನು ಇಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ. ನೀವು ನೀವಾಗೇ ಇರಿ. ನಗು ಮಾತ್ರ ಬೇಡ.”

“ನಾವು ನಾವಾಗಿದ್ರೆ ನಗೋದೇ ಸಾರ್,” ಎಂದಳು ಸೊಸೆ, ಕಣ್ಣೊರೆಸಿಕೊಳ್ಳುತ್ತ.

ಅತ್ತೆ ಸೊಸೆ ಒಂದೇ ಮನೆಯಿಂದ ಬಂದು ಆರು ವರ್ಷಗಳಿಂದ ಅಕ್ಕಪಕ್ಕ ಕೂತವರು. ಕೆಲಸ ಸರಳವಾಗಿತ್ತು. ಮಣೆಗೆ ನೆಟ್ಟಗೆ ಕೂರಿಸಿದ ಬ್ಲೇಡಿನ ಮೇಲೆ ಬಟ್ಟೆ ಎಳೆದು ಗುಂಡಿ, ಜಿಪ್ಪು, ಪಟ್ಟಿಗಳನ್ನು ಬೇರ್ಪಡಿಸಬೇಕು. ಉಣ್ಣೆ ಎಡಕ್ಕೆ, ಹತ್ತಿ ಬಲಕ್ಕೆ. ಹರಿಯದ ಕೋಟುಗಳು ಇಡಿಯಾಗಿ ಹಿಂದಿನ ಪ್ರೆಸ್ಸಿಗೆ ಹೋಗಿ, ನಾಲ್ಕು ಕಬ್ಬಿಣದ ಪಟ್ಟಿ ಬಿಗಿದ ಮೂಟೆಯಾಗಿ ಹೊರಬರುತ್ತಿದ್ದವು. ಹೆಂಗಸರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ ಒಂದಿತ್ತು: ಜೇಬು ನೋಡದೆ ಯಾವ ಬಟ್ಟೆಯನ್ನೂ ಮುಂದೆ ಕಳಿಸಕೂಡದು, ಸಿಕ್ಕಿದ್ದು ಸಿಕ್ಕವಳಿಗೆ. ಸೊಸೆಯ ಪಾಲಿಗೆ ಇದುವರೆಗೆ ಒಂದು ಬಾಚಣಿಗೆ, ಎರಡು ಸೀಟಿ ಮತ್ತು ಯಾರದೋ ಹಲ್ಲಿನ ಸೆಟ್ಟು ಬಂದಿದ್ದವು.

ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಯಾರೋ ಒಬ್ಬಳು ಲಂಗದೊಳಗೆ ಸ್ವೆಟರು ಸುತ್ತಿಕೊಂಡು ಹೋದ ದಿನದಿಂದ ಅದಕ್ಕೆ ಹೊರಗಿನಿಂದ ಬೀಗ. ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ. ಹೋದ ವರ್ಷ ಮೋಟಾರಿನ ಕಿಡಿ ಬಟ್ಟೆಯ ಧೂಳಿಗೆ ಹತ್ತಿದಾಗ ಆ ಸೊಂಟ ಎರಡು ಬೀದಿ ಆಚೆ ಚಹಾ ಕುಡಿಯುತ್ತಿತ್ತು. ಅದು ಬಂದು ಬಾಗಿಲು ತೆಗೆಯಲು ಹನ್ನೊಂದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅತ್ತೆ ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದಳು. ಹೊಗೆಯೂ ಅದೇ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಅಂದಿನಿಂದ ಆಕೆಯ ದನಿ ಹೋಗಿ ಸೀಟಿ ಉಳಿದಿತ್ತು.

ಸಂಶೋಧಕ ಮೊದಲ ದಿನ ಒಳಗೆ ಕಾಲಿಟ್ಟವನೇ, “ಕತ್ತಲೆ. ಬಾಗಿಲು ತೆಗೆದಿಡಿ, ಬೆಳಕು ಬೇಕು,” ಎಂದಿದ್ದ. ಚಿತ್ರದಲ್ಲಿ ತನ್ನ ಹೆಸರು ಬರುತ್ತದೆಂದು ಮಾಲೀಕ ಒಪ್ಪಿದ್ದ. ಬಾಗಿಲು ತೆರೆಯಿತು. ಒಂದು ಗೋಡೆ, ಒಂದು ಚರಂಡಿ, ಅಂಗೈಯಗಲ ಆಕಾಶ, ಚರಂಡಿಯ ಬದಿಗೆ ಮಲಗಿದ ಒಂದು ನಾಯಿ. ಹೆಂಗಸರು ಅರ್ಧ ಗಂಟೆಯೊಳಗೆ ನಾಯಿಗೆ ಮ್ಯಾನೇಜರ್ ಎಂದು ಹೆಸರಿಟ್ಟರು.

“ಮ್ಯಾನೇಜರ್ ಎದ್ರು ಕಣ್ರೇ!”

“ಗೋಡೆ ಪರೀಕ್ಷೆ ಮಾಡ್ತಿದಾರೆ. ಕಾಲೆತ್ತಿದ್ರು. ಸಹಿ ಹಾಕಿದ್ರು!”

ಆ ಮೊದಲ ದಿನ ಅತ್ತೆಯ ಸೀಟಿಯಿಂದ ಚಿತ್ರೀಕರಣ ಕೆಟ್ಟಿತು. “ನಾಳೆ ಬರ್ತೀನಿ,” ಎಂದು ಸಂಶೋಧಕ ಹೋದ. ಮನೆಗೆ ನಡೆಯುವ ದಾರಿಯಲ್ಲಿ ಸೊಸೆ ಥಟ್ಟನೆ ನಿಂತಳು. “ಅತ್ತೆ, ಆ ಪುಣ್ಯಾತ್ಮನಿಗೆ ಬೇಕಾದ ಮುಖ ಸಿಗೋವರೆಗೂ ಬಾಗಿಲು ತೆಗೆದೇ ಇರುತ್ತಲ್ವಾ?” ಅತ್ತೆ ಯೋಚಿಸಿದಳು. ಆಮೇಲೆ ಬೀದಿಯ ನಡುವೆಯೇ ಸೀಟಿ ಊದಿದಳು.

ಮರುದಿನದಿಂದ ನಗುವಿಗೆ ಸರದಿ ಹಾಕಿದರು. ಒಬ್ಬಳು ಮೂರು ಮಂದಿ ಹಿಡಿಯುವಷ್ಟು ಅಗಲದ ಚಡ್ಡಿ ಎತ್ತಿ ತೋರಿಸಿ, “ಇದ್ರಲ್ಲಿ ಮೇಸ್ತ್ರಿ ಸಂಸಾರ ಸಮೇತ ಬಾಡಿಗೆಗೆ ಇರಬಹುದು,” ಎನ್ನುವಳು. ಮತ್ತೊಬ್ಬಳು ಹಲ್ಲಿನ ಸೆಟ್ಟನ್ನು ಕೋಟಿನ ಕಾಲರಿಗೆ ಕಚ್ಚಿಸುವಳು. ಬೆಳ್ಳಿ ಬಣ್ಣದ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕು ತಿರುಗಿಸುವ ಕೆಲಸ ಮೇಸ್ತ್ರಿಗೇ ಬಿದ್ದಿತ್ತು. ಹೊಡೆಯಲು ಅವನಿಗೆ ಮೂರನೆಯ ಕೈ ಇರಲಿಲ್ಲ. “ಲೌಡೀರಾ, ಇವ್ನು ಹೋಗ್ಲಿ, ನಿಮ್ಮನ್ನ ಒಗೆದು ಒಣಗ್ಹಾಕ್ತೀನಿ,” ಎಂದು ಹಾಳೆಯ ಹಿಂದಿನಿಂದ ಗೊಣಗುತ್ತಿದ್ದ.

ಐದನೆಯ ದಿನ ಸಂಶೋಧಕ ಹೆಂಗಸರು ಧೂಳಿಗೆಂದು ಮೂಗಿಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಗಳನ್ನು ತೆಗೆಸಿದ, ಮುಖ ಕಾಣಬೇಕಂತೆ. ಅತ್ತೆಯನ್ನು ಬಾಗಿಲ ಬಳಿ ಕೂರಿಸಿ, “ಬೆಂಕಿ ಬಿದ್ದ ದಿನದ್ದು ಹೇಳಿ ಅಜ್ಜಿ. ಅಳು ಬಂದ್ರೆ ತಡೀಬೇಡಿ,” ಎಂದ.

ಅತ್ತೆ ಬಾಯಿ ತೆರೆದು ಸೀಟಿಯಲ್ಲೇ ಉದ್ದಕ್ಕೆ ಏನೋ ಹೇಳಿದಳು.

“ಮಾತು ಕೇಳಿಸದಿದ್ರೂ ತೊಂದರೆಯಿಲ್ಲ. ಚಿತ್ರದ ಕೆಳಗೆ ನಾವೇ ಬರೀತೀವಿ.”

“ಅತ್ತೆ ಏನಂದ್ರು ಅಂತ ನೀವೇ ಬರೀತೀರಾ?” ಎಂದಳು ಸೊಸೆ.

“ಸಂದರ್ಭ ನೋಡಿ ಬರೆಯೋದು.”

“ಹಾಗಾದ್ರೆ ಸರಿಯಾಗಿ ಬರ್ಕೊಳ್ಳಿ ಸಾರ್. ನಿಮ್ಮಮ್ಮ ಹೇಗಿದಾರೆ, ಅವ್ರಿಗೆ ಇನ್ನೂ ಒಳ್ಳೆ ಮಕ್ಕಳು ಇದಾರಾ ಅಂತ ವಿಚಾರಿಸ್ತಿದಾರೆ.”

ಹನ್ನೊಂದು ಮಂದಿ ಉರುಳಿದರು. ನಗು ಇಳಿದ ಮೇಲೆ ಸೊಸೆ ದನಿ ತಗ್ಗಿಸಿ ಕೇಳಿದಳು: “ಸಾರ್, ನೀವು ಹೋದ್ಮೇಲೂ ಬಾಗಿಲು ತೆಗೆದೇ ಇರ್ಲಿ ಅಂತ ಮಾಲೀಕರಿಗೆ ಒಂದ್ಮಾತು ಹೇಳ್ತೀರಾ? ನಿಮ್ಮ ಮಾತು ನಡೆಯುತ್ತೆ.”

“ನಾನು ನೋಡೋಕೆ ಬಂದವನಮ್ಮ. ಇಲ್ಲಿರೋ ಯಾವುದನ್ನೂ ನಾನು ಬದಲಾಯಿಸಬಾರದು. ಅದು ನಮ್ಮ ಶಾಸ್ತ್ರದ ನಿಯಮ.”

ಸೊಸೆ ತನ್ನ ಕೈಯಲ್ಲಿದ್ದ ಮೂಗಿನ ಬಟ್ಟೆಯನ್ನು ನೋಡಿದಳು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಒಂಬತ್ತನೆಯ ದಿನ ಮಧ್ಯಾಹ್ನ ಮೇಸ್ತ್ರಿ ಕುಣಿಯುತ್ತಲೇ ಬಂದ. “ಇವತ್ತಿಗೆ ಮುಗೀತು ನಿಮ್ಮ ನಾಟಕ! ಸಂಜೆ ಸಾಹೇಬ್ರು ಗಂಟುಮೂಟೆ ಕಟ್ತಾರೆ. ಕಟ್ಟಿದ ಕೂಡ್ಲೇ ಬೀಗ. ಕಿಸಿದಿದ್ದಕ್ಕೆಲ್ಲ ಬಡ್ಡಿ ಸಮೇತ ತೀರಿಸ್ತೀನಿ.”

ಬೀಗ ಒಂಬತ್ತು ದಿನಗಳಿಂದ ಹಗಲೆಲ್ಲ ಬಾಯಿ ಬಿಟ್ಟುಕೊಂಡು ಬಾಗಿಲ ಚಿಲಕದಲ್ಲೇ ನೇತಾಡುತ್ತಿತ್ತು. ಮೂರು ಗಂಟೆಗೆ ಮೇಸ್ತ್ರಿ ಹಾಳೆ ಎತ್ತಿದ. ಹಾಳೆಯ ಹಿಂದಿದ್ದವನಿಗೆ ಹಾಳೆಯ ಹೊರತು ಏನೂ ಕಾಣುತ್ತಿರಲಿಲ್ಲ. ಸಂಶೋಧಕ ಯಾರೋ ಒಬ್ಬಳ ಬೆರಳುಗಳನ್ನು ಹತ್ತಿರದಿಂದ ತೆಗೆಯುತ್ತಿದ್ದ. ಸೊಸೆ ಕಸ ಚೆಲ್ಲುವ ನೆಪದಲ್ಲಿ ಎದ್ದು ಬಾಗಿಲಾಚೆ ಹೋಗಿ ಬಂದಳು. ಕೂತವಳು ದಪ್ಪ ಉಣ್ಣೆಯ ಕಪ್ಪು ಕೋಟೊಂದನ್ನು ತೊಡೆಯ ಮೇಲೆಳೆದು, ಒಳಜೇಬಿಗೆ ಅಂಗೈಯಷ್ಟು ಭಾರ ಇಳಿಸಿ, ಅದರ ಗುಂಡಿ ಹಾಕಿದಳು. ಆರು ವರ್ಷಗಳಲ್ಲಿ ಮೊದಲ ಬಾರಿಗೆ ಆಕೆ ಜೇಬು ಖಾಲಿ ಮಾಡದ ಬಟ್ಟೆಯನ್ನು ಮುಂದೆ ಕಳಿಸಿದ್ದಳು. ಕೋಟು ಕೈಯಿಂದ ಕೈಗೆ ದಾಟಿತು. ಭಾರ ತಿಳಿದ ಪ್ರತಿಯೊಬ್ಬಳೂ ಒಮ್ಮೆ ಕಣ್ಣರಳಿಸಿ ಮುಂದಿನವಳಿಗೆ ಕೊಟ್ಟಳು. ಕೊನೆಯವಳು ಪ್ರೆಸ್ಸಿನ ಗುಂಡಿ ಒತ್ತಿದಳು. ನಾಲ್ಕಕ್ಕೆ ಲಾರಿ ನಲವತ್ತು ಮೂಟೆ ಹೊತ್ತು ಹೊರಟಿತು.

ನಾಲ್ಕೂವರೆಗೆ ಸಂಶೋಧಕ ಕ್ಯಾಮರಾ ಮಡಚತೊಡಗಿದ. ಮೇಸ್ತ್ರಿ ಬಾಗಿಲಿಗೆ ಹೋದ. ಚಿಲಕ ತಡವಿದ. ಬಗ್ಗಿ ನೆಲ ನೋಡಿದ.

“ಬೀಗ ಎಲ್ರೇ?”

ಅವನು ರಾಶಿಗಳನ್ನು ಒದ್ದ, ಊಟದ ಡಬ್ಬಿಗಳನ್ನು ಬೋರಲು ಹಾಕಿದ, ಸಾಲಾಗಿ ನಿಲ್ಲಿಸಿ ಒಬ್ಬೊಬ್ಬಳ ಸೊಂಟ ತಡಕಿದ. “ಯಾವ ಬೇವರ್ಸಿ ಎತ್ತಿದ್ದು? ಬೊಗಳ್ರೇ!” ಹನ್ನೆರಡು ಮುಖಗಳು ಕಲ್ಲಾಗಿದ್ದವು. ಒಂದು ತುಟಿ ಅಲುಗಿದರೂ ಹನ್ನೆರಡೂ ಕೆಡುತ್ತವೆಂದು ಹನ್ನೆರಡೂ ಮಂದಿಗೆ ಗೊತ್ತಿತ್ತು. ಅತ್ತೆ ತನ್ನ ತೊಡೆಯನ್ನು ತಾನೇ ಚಿವುಟಿ ಹಿಡಿದಿದ್ದಳು. ನೋವಿಗೆ ಕಣ್ಣಲ್ಲಿ ನೀರು ತುಂಬಿತ್ತು.

ಸಂಶೋಧಕ ತಲೆಯೆತ್ತಿದ. “ಇದೇ! ದಯವಿಟ್ಟು ಯಾರೂ ಅಲುಗಾಡ್ಬೇಡಿ, ಇದೇ ಮುಖ!” ಎನ್ನುತ್ತ ಕ್ಯಾಮರಾ ಮತ್ತೆ ಬಿಚ್ಚಿದ. ಕೆಂಪು ದೀಪ ಹತ್ತಿತು.

“ನಾಳೆ ಇನ್ನೊಂದು ತರ್ತೀನಿ ಕಣ್ರೇ,” ಮೇಸ್ತ್ರಿ ಕಿರುಚಿದ, “ಇದರಪ್ಪನಂಥಾದ್ದು!”

ಸೊಸೆ ಬ್ಲೇಡಿನ ಮಣೆಯನ್ನು ಎತ್ತಿಕೊಂಡು ಹೋಗಿ ಹೊಸ್ತಿಲಿಗೆ ಅಡ್ಡಲಾಗಿ ಇಟ್ಟಳು. ಬ್ಲೇಡನ್ನು ಮುಂದೆ ಬಿಟ್ಟು ಅದರ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಹಾಕಿ ಕೂತಳು. ಕ್ಯಾಮರಾವನ್ನು ನೇರವಾಗಿ ನೋಡುತ್ತ, ಒಂದು ಗೆರೆಯೂ ಸಡಿಲಿಸದೆ ಹೇಳಿದಳು:

“ತನ್ನಿ ಅಣ್ಣ. ಮಗ ಮೂಟೆ ಸೇರಿ ಊರು ಬಿಟ್ಟ. ಅಪ್ಪನಿಗೂ ಪ್ರೆಸ್ಸಲ್ಲಿ ಜಾಗ ಇದೆ. ಸಾರ್, ಇದನ್ನ ಕೆಳಗೆ ಬರೆಯೋದು ಬೇಡ, ನನ್ನ ದನಿ ಚೆನ್ನಾಗೇ ಇದೆ.”

ಮೇಸ್ತ್ರಿ ಬಾಗಿಲನ್ನು ಜಗ್ಗಿದ. ಅದು ಮಣೆಗೆ ಬಡಿದು ನಿಂತಿತು. ಹದಿನೆಂಟು ಅಂಗುಲ ಬೆಳಕು ಒಳಗೇ ಉಳಿಯಿತು. ಅವನು ಮತ್ತೊಮ್ಮೆ ಜಗ್ಗಿದ. ಹಿಂದಿನ ಸಾಲಿನಲ್ಲಿ ಸಣ್ಣಗೆ ಸೀಟಿಯೊಂದು ಶುರುವಾಯಿತು.

“ನಗಬೇಡಿ,” ಸಂಶೋಧಕ ಗೋಗರೆದ, “ಒಂದೇ ನಿಮಿಷ, ದಯವಿಟ್ಟು ನಗಬೇಡಿ...”

ಚರಂಡಿಯ ಬದಿಗೆ ಮ್ಯಾನೇಜರ್ ಎದ್ದು ನಿಂತು ಕಿವಿ ನಿಮಿರಿಸಿದ.