ಏಳನೇ ನಂಬರ್ ಬಸ್ಸಿನ ದನಿ

ಎಂಟು ವರ್ಷದವನಿದ್ದಾಗ ನಾನು ಊರಿನವರಿಗೆಲ್ಲ ಎಲ್ಲಿ ಇಳಿಯಬೇಕೆಂದು ಹೇಳಿದೆ. ಹದಿನೇಳಾದರೂ ಆ ಕೆಲಸದಿಂದ ಬಿಡುಗಡೆ ಸಿಕ್ಕಿರಲಿಲ್ಲ.

ಆದದ್ದಿಷ್ಟು. ನನ್ನ ಸೋದರಮಾವ ಸಿಟಿ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಏಳನೇ ನಂಬರ್ ಬಸ್ಸುಗಳಿಗೆ ನಿಲ್ದಾಣದ ಹೆಸರು ಹೇಳುವ ಯಂತ್ರ ಬಂದಾಗ ಅದರೊಳಗೆ ಮಾತಾಡಲು ಯಾರೂ ಸಿಗಲಿಲ್ಲ. ಮ್ಯಾನೇಜರು ಒಮ್ಮೆ ಪ್ರಯತ್ನಿಸಿ ಕೆಮ್ಮಿದರು. ಡ್ರೈವರುಗಳು ನಾಚಿಕೊಂಡರು. ರಜೆಯಲ್ಲಿ ಮಾವನ ಹಿಂದೆ ಬಾಲದಂತೆ ಅಲೆಯುತ್ತಿದ್ದ ನನ್ನನ್ನು ಟೈರುಗಳ ಗೋದಾಮಿನಲ್ಲಿ ಕೂರಿಸಿ, ಹೊರಗಿನ ಸದ್ದು ಬೀಳದಿರಲೆಂದು ತಲೆಯ ಮೇಲೆ ಕಂಬಳಿ ಹೊದಿಸಿ, ಕೈಗೆ ಮೈಕು ಕೊಟ್ಟರು. ಮುಂದಿನ ಎರಡು ಹಲ್ಲು ಆಗಷ್ಟೇ ಬಿದ್ದಿದ್ದವು. ಹಾಗಾಗಿ ಆಸ್ಪತ್ರೆ ‘ಆತ್ಪತ್ರೆ’ ಆಯಿತು, ಪೋಸ್ಟಾಫೀಸು ‘ಪೋತ್ಟಾಫೀತು’ ಆಯಿತು. ಹದಿನಾಲ್ಕು ನಿಲ್ದಾಣ ಮುಗಿದ ಮೇಲೆ, ಚೀಟಿಯಲ್ಲಿ ಇಲ್ಲದ ಒಂದು ಮಾತನ್ನೂ ನನ್ನ ಸ್ವಂತ ಖರ್ಚಿನಲ್ಲಿ ಸೇರಿಸಿದೆ: “ಬಾಗಿಲ ಹತ್ರ ನಿಲ್ಬೇಡಿ, ಬಿದ್ಬಿಡ್ತೀರ ಮತ್ತೆ.” ಮಾವನಿಗೆ ಅದು ಇಷ್ಟವಾಗಿ ಹಾಗೇ ಬಿಟ್ಟರು.

ಮೊದಲ ಎರಡು ವರ್ಷ ನಾನು ರಾಜ. ನನ್ನದೇ ದನಿ ಕೇಳಲು ಸುಮ್ಮಸುಮ್ಮನೆ ಬಸ್ಸು ಹತ್ತುತ್ತಿದ್ದೆ. ಆಮೇಲೆ ಶಾಲೆಯಲ್ಲಿ ನನ್ನ ಹೆಸರು ‘ನಿಲ್ದಾಣ’ ಆಯಿತು. ಆಟದ ಮೇಷ್ಟ್ರು ಕೂಡ “ಏ ನಿಲ್ದಾಣ, ಓಡೋ” ಎನ್ನುತ್ತಿದ್ದರು. ಹದಿನಾಲ್ಕನೇ ವಯಸ್ಸಿಗೆ ದನಿ ಒಡೆಯಿತು. ಒಂದೇ ವಾಕ್ಯದಲ್ಲಿ ಎರಡು ಸಲ ಜಾರುವ ದನಿ ಮನೆಯಲ್ಲಿ, ಹಾಲಿನಂಥ ದನಿ ಬಸ್ಸಿನಲ್ಲಿ. ಅವತ್ತಿನಿಂದ ನಾನು ಏಳನೇ ನಂಬರ್ ಹತ್ತಲಿಲ್ಲ. ಶಾಲೆಗೆ ನಾಲ್ಕು ಕಿಲೋಮೀಟರು ನಡೆದೆ. ಮನೆಯವರು ವ್ಯಾಯಾಮ ಅಂದುಕೊಂಡರು.

ಈಗ ಹೊಸ ಕಾಲೇಜಿಗೆ ಸೇರಿದ್ದೆ. ಅಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ, ಅದೇ ಅದರ ದೊಡ್ಡ ಗುಣ. ಆದರೆ ಅದು ಹನ್ನೊಂದು ಕಿಲೋಮೀಟರು ದೂರ. ಅಲ್ಲಿಗೆ ಹೋಗುವುದು ಏಳನೇ ನಂಬರ್ ಒಂದೇ. ಕಾಲೇಜು ಶುರುವಾಗಲು ಮೂರು ವಾರವಿತ್ತು. ಅಷ್ಟರೊಳಗೆ ಆ ತೊದಲನನ್ನು ಬಸ್ಸಿನಿಂದ ಇಳಿಸದಿದ್ದರೆ ಹೊಸ ಜಾಗದಲ್ಲೂ ನಾನು ನಿಲ್ದಾಣವೇ.

“ನಿನ್ನ ಕಾಯಿಲೆಗೆ ನಮ್ಮ ಪುಸ್ತಕದಲ್ಲಿ ಹೆಸರಿದೆ,” ಅಂದಳು ಅಕ್ಕ. ಅವಳು ಮನಶ್ಶಾಸ್ತ್ರ ಓದುತ್ತಿದ್ದಳು, ಎರಡನೇ ವರ್ಷ. ಮನೆಯಲ್ಲಿ ಯಾರು ಸೀನಿದರೂ ಅದಕ್ಕೊಂದು ಹೆಸರು ಹುಡುಕುವ ಹುರುಪಿನಲ್ಲಿದ್ದಳು. “ಕಾಲ್ಪನಿಕ ಪ್ರೇಕ್ಷಕರು ಅಂತ. ನಿನ್ನ ವಯಸ್ಸಿನವರಿಗೆ ಊರೇ ತಮ್ಮನ್ನ ನೋಡ್ತಿದೆ ಅನ್ಸುತ್ತಂತೆ.”

“ನೋಡ್ತಿಲ್ಲ ಕಣೇ. ಕೇಳ್ತಿದೆ. ದಿನಕ್ಕೆ ನಲವತ್ತು ಟ್ರಿಪ್ಪು.”

“ಕೇಳಿದ್ರೂ ನೀನೇ ಅಂತ ಯಾರಿಗೆ ಗೊತ್ತು?”

“ಎಲ್ಲರಿಗೂ.”

“ಅದನ್ನೇ ನಾನು ಹೇಳಿದ್ದು,” ಎಂದು ಅಕ್ಕ ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡಳು. ಪ್ರಾಜೆಕ್ಟಿಗೆ ನಾನೇ ಆಗಬಹುದೆಂದು ಅವಳ ಕಣ್ಣು ಹೇಳುತ್ತಿತ್ತು.

ಅಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದಳು. “ಇದ್ರೆ ಇರ್ಲಿ ಬಿಡೋ. ಬೆಳಿಗ್ಗೆ ನಿನ್ನ ಬೈದು ಹೊರಟಿರ್ತೀನಿ, ಬಸ್ ಹತ್ತಿದ್ರೆ ಅಲ್ಲೂ ನೀನೇ ನನಗೆ ಬುದ್ಧಿ ಹೇಳ್ತಿರ್ತೀಯ,” ಅಂದಳು. ಇದರಿಂದ ನನಗೇನೂ ಸಹಾಯವಾಗಲಿಲ್ಲ.

ಮಾವನ ಬಳಿ ಹೋದೆ. ಅವರು ಹೆಡ್‌ಲೈಟು ಬಿಚ್ಚುತ್ತಿದ್ದರು. ಬಾಯಲ್ಲಿ ಸ್ಕ್ರೂ ಇದ್ದುದರಿಂದ ಮೊದಲು ತಲೆಯಾಡಿಸಿದರು, ಆಮೇಲೆ ಉಗುಳಿ ಹೇಳಿದರು: “ನಮ್ಮ ಮ್ಯಾನೇಜರ ಪದ್ಧತಿ ಗೊತ್ತಲ್ಲ. ದೂರಿನ ಫಾರಂ ಮೇಲೆ ಐವತ್ತು ಪ್ರಯಾಣಿಕರ ಸಹಿ ಬೇಕು. ಐವತ್ತಾದ್ರೆ ಸೀಟಿನ ಮೊಳೆ ಬೇಕಾದ್ರೂ ಬದಲಾಯಿಸ್ತಾರೆ. ನಲವತ್ತೊಂಬತ್ತಾದ್ರೆ ಬಸ್ಸು ಮಗುಚಿ ಬಿದ್ರೂ ಎತ್ತಲ್ಲ.”

“ಐವತ್ತಾ?”

“ಊರೆಲ್ಲ ನಿನ್ನ ದನಿ ಕೇಳಿ ನಗ್ತಿದೆ ಅಂತೀಯ. ನಗೋರಲ್ಲಿ ಐವತ್ತು ಜನ ಸಿಗಲ್ವಾ?”

ಭಾನುವಾರ ಬೆಳಿಗ್ಗೆ ಅಕ್ಕನ ಜೊತೆ ಬಸ್ಸು ಹತ್ತಿದೆ. ಅವಳು ಬಂದದ್ದು ಪ್ರೀತಿಯಿಂದಲ್ಲ, ಸಂಶೋಧನೆಗೆ. ಫಾರಮ್ಮಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ‘ಈ ಬಸ್ಸಿನ ಘೋಷಣೆಯ ದನಿಯನ್ನು ಬದಲಿಸಬೇಕು.’ ಕೆಳಗೆ ಸಹಿಗೊಂದು ಸಾಲು, ಕಾರಣಕ್ಕೊಂದು ಸಾಲು.

“ಮುಂದಿನ ನಿಲ್ದಾಣ, ಗಡಿಯಾರ ಕಂಬ,” ಎಂದಿತು ಆ ಹಾಲುಗಲ್ಲದ ದನಿ. ನಾನು ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣೆತ್ತಿದರೆ, ಯಾರೂ ನನ್ನತ್ತ ನೋಡುತ್ತಿರಲಿಲ್ಲ. ಒಬ್ಬರು ಆಕಳಿಸುತ್ತಿದ್ದರು.

ಮೊದಲು ಕೇಳಿದ್ದು ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡಿದ್ದ ಟೈಲರನ್ನು. “ಈ ದನಿಯಿಂದ ನಿಮಗೆ ತೊಂದರೆ ಆಗ್ತಿದೆಯಾ?”

“ಯಾವ ದನಿ?”

“ನಿಲ್ದಾಣದ ಹೆಸರು ಹೇಳುತ್ತಲ್ಲ, ಅದು.”

“ಹೇಳುತ್ತಾ?” ಅಂದ ಟೈಲರ್. ಒಂಬತ್ತು ವರ್ಷದಿಂದ ಇದೇ ಬಸ್ಸಿನಲ್ಲಿ ಓಡಾಡುತ್ತಿದ್ದನಂತೆ. ನನಗೆ ಖುಷಿಯಾಗಬೇಕಿತ್ತು. ಯಾಕೋ ಕಪಾಳಕ್ಕೆ ಹೊಡೆದ ಹಾಗಾಯಿತು. ಅಕ್ಕ ಹಿಂದಿನಿಂದ ಗೀಚಿಕೊಳ್ಳುವ ಸದ್ದು ಕೇಳಿಸಿತು.

ಮುಂದಿನ ಸೀಟಿನ ನಿವೃತ್ತ ಗುಮಾಸ್ತರು ಫಾರಂ ಪೂರ್ತಿ ಓದಿ, ಎರಡು ಕಾಗುಣಿತ ತಿದ್ದಿ, ವಾಪಸು ಕೊಟ್ಟರು. “ಯಾಕಪ್ಪಾ ಬದಲಿಸಬೇಕು? ಆ ಹುಡುಗಿ ಚೆನ್ನಾಗಿ ಹೇಳ್ತಾಳೆ.”

“ಹುಡುಗಿ ಅಲ್ಲ ಸರ್, ಹುಡುಗ.”

“ಹುಡುಗಿ. ನನ್ನ ಮೊಮ್ಮಗಳೂ ಹಾಗೇ ಮಾತಾಡೋದು. ನನಗೆ ಗೊತ್ತಾಗಲ್ವಾ?”

“ಸರ್, ಅದು ನಾನು.”

ಹೇಳಿದ ಮೇಲೆ ಹೇಳಿದ್ದೇನೆಂದು ಗೊತ್ತಾಯಿತು. ಇಷ್ಟು ವರ್ಷ ಮುಚ್ಚಿಡಲು ಹೆಣಗಿದ್ದು ಬಾಯಿಂದ ತಾನಾಗಿ ಬಿದ್ದಿತ್ತು, ಅದೂ ಮಣ್ಣಿನ ಮಡಕೆ ಉರುಳಿದಂಥ ದನಿಯಲ್ಲಿ. ಗುಮಾಸ್ತರು ನನ್ನ ಮೀಸೆ ನೋಡಿದರು, ಗಂಟಲ ಉಬ್ಬು ನೋಡಿದರು, ನಕ್ಕುಬಿಟ್ಟರು. “ಕಂಡಕ್ಟರಮ್ಮಾ, ಇಲ್ಲಿ ಕೇಳಿ. ಆ ಹಾಡೋ ಹಕ್ಕಿ ಇವನೇ ಅಂತೆ.”

ಕಂಡಕ್ಟರ್ ಹೆಂಗಸು ಸೊಂಟಕ್ಕೆ ಕೈಯಿಟ್ಟು ನನ್ನನ್ನು ಅಳೆದಳು. “ಹೋದ ವಾರ ಒಬ್ಬ ನಾನೇ ಮೇಯರ್ ಅಂದ. ಅವನ ಹತ್ರಾನೂ ಟಿಕೆಟ್ ತಗೊಂಡೆ. ನೀನು ತಗೊಂಡ್ಯಾ?”

ಬಸ್ಸು ನಕ್ಕಿತು. ಈ ಸಲ ನಿಜಕ್ಕೂ ನನ್ನನ್ನು ನೋಡಿಯೇ ನಕ್ಕಿತು. ವಿಚಿತ್ರವೆಂದರೆ ಅಂಥ ಅನಾಹುತವೇನೂ ಆಗಲಿಲ್ಲ. ನನಗೂ ಸ್ವಲ್ಪ ನಗು ಬಂತು.

ಅರ್ಧ ದಾರಿ ಮುಗಿಯುವಷ್ಟರಲ್ಲಿ ಮೂರು ಸಹಿ ಸಿಕ್ಕಿದ್ದವು. ಒಂದು ಅಕ್ಕನದು. ಇನ್ನೊಂದು, ಕಾರಣದ ಸಾಲಿನಲ್ಲಿ ‘ಕಿಟಕಿ ಗಡಗಡ ಅನ್ನುತ್ತದೆ’ ಎಂದು ಬರೆದವರದು. ಮೂರನೆಯವರು ಪೆನ್ನು ಚೆನ್ನಾಗಿದೆಯೆಂದು ಸಹಿ ಹಾಕಿದ್ದರು.

ನೀರಿನ ಟ್ಯಾಂಕು ದಾಟಿದ ಮೇಲೆ ಬಸ್ಸಿನಲ್ಲಿ ಏನೋ ಬದಲಾಯಿತು. ಮೊದಲು ಗೊತ್ತಾಗಲಿಲ್ಲ. ಮಾತಾಡುತ್ತಿದ್ದವರು ಮಾತು ನಿಲ್ಲಿಸಿ ಕಿಟಕಿಯತ್ತ ಕತ್ತು ಚಾಚಿದರು. ನಿದ್ದೆ ಮಾಡುತ್ತಿದ್ದವರು ಬೆಚ್ಚಿ ಎದ್ದು “ಯಾವುದು ಬಂತು, ಯಾವುದು ಬಂತು” ಎಂದು ಪಕ್ಕದವರನ್ನು ತಿವಿದರು. ಹೋದ ವರ್ಷ ದಾರಿಯನ್ನು ಟ್ಯಾಂಕಿನಿಂದ ಆಚೆಗೆ ಉದ್ದ ಮಾಡಿ ಆರು ನಿಲ್ದಾಣ ಸೇರಿಸಿದ್ದರು. ಯಂತ್ರದಲ್ಲಿ ಅವು ಇರಲಿಲ್ಲ. ಮಗು ಟ್ಯಾಂಕಿನವರೆಗೆ ಹೇಳಿ ಸುಮ್ಮನಾಗುತ್ತಿತ್ತು.

“ನೋಡು, ಇದು ದೂರು,” ಎಂದಳು ಬಿಳಿ ಸಮವಸ್ತ್ರದ ನರ್ಸು, ನನ್ನ ಕೈಯಿಂದ ಫಾರಂ ಎಳೆದುಕೊಂಡು. “ರಾತ್ರಿ ಪಾಳಿ ಮುಗಿಸಿ ಬರ್ತೀನಿ, ಕಣ್ಣು ಎಳೀತಿರುತ್ತೆ. ಟ್ಯಾಂಕಿನವರೆಗೆ ಮಗು ಎಬ್ಬಿಸುತ್ತೆ. ಅಲ್ಲಿಂದಾಚೆ ದೇವರೇ ಗತಿ. ಹೋದ ವಾರ ಎರಡು ಸಲ ಕೊನೇ ಸ್ಟಾಪಿನವರೆಗೂ ಮಲಗೇ ಹೋಗಿದ್ದೆ.” ನಾನು ದಪ್ಪ ಅಕ್ಷರದಲ್ಲಿ ಬರೆದಿದ್ದನ್ನು ಅವಳು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಮೇಲೆ ಬರೆದಳು: ‘ಇದೇ ದನಿ ಉಳಿದ ನಿಲ್ದಾಣಗಳನ್ನೂ ಹೇಳಬೇಕು.’ ಸಹಿ ಹಾಕಿದಳು. ಟೈಲರ್ ಹಾಕಿದ. ಗುಮಾಸ್ತರು ದಿನಾಂಕದ ಸಮೇತ ಹಾಕಿದರು. ಫಾರಂ ಕೈಯಿಂದ ಕೈಗೆ ಹಿಂದಿನ ಸೀಟಿನವರೆಗೆ ಹೋಗಿ, ಮರಳಿ ಬರುವ ಟ್ರಿಪ್ಪು ಮುಗಿಯುವಾಗ ಐವತ್ತೇಳು ಸಹಿ ಹೊತ್ತು ನನ್ನ ಕೈ ಸೇರಿತು.

“ಇಷ್ಟು ವರ್ಷದ ಕಷ್ಟಕ್ಕೆ ಇನ್ನೂ ಆರು ನಿಲ್ದಾಣ ಬಹುಮಾನ,” ಅಂದಳು ಅಕ್ಕ. ಅವಳ ನೋಟ್‌ಬುಕ್ಕು ತುಂಬಿತ್ತು.

ಮ್ಯಾನೇಜರು ಐವತ್ತೇಳನ್ನೂ ಎಣಿಸಿ ಅಂಚಿನಲ್ಲಿ ಬರೆದರು: ‘ಅದೇ ಮಗುವಿನಿಂದ ಹೇಳಿಸತಕ್ಕದ್ದು.’ ಮಾವ ಅದನ್ನು ನನಗೆ ತೋರಿಸಿ ಗಲ್ಲ ಕೆರೆದುಕೊಂಡರು. “ಅದೇ ಮಗುವನ್ನ ನಾನು ಎಲ್ಲಿಂದ ತರಲಿ? ಅದು ಈಗ ರೇಜರ್ ಕೇಳುತ್ತೆ.”

ಅದೇ ಗೋದಾಮು, ಅದೇ ಟೈರಿನ ವಾಸನೆ. ಕಂಬಳಿ ಮಾತ್ರ ಈಗ ತಲೆ ಮುಚ್ಚಿದರೆ ಬೆನ್ನು ಬಿಡುತ್ತಿತ್ತು. ಮೊದಲು ದನಿ ಸಣ್ಣ ಮಾಡಿ ಹೇಳಿದೆ.

“ಕತ್ತು ಹಿಸುಕಿದ ಹುಂಜ,” ಅಂದರು ಮಾವ.

ಮೂಗಿನಿಂದ ಹೇಳಿದೆ.

“ಈಗ ಹುಂಜಕ್ಕೆ ನೆಗಡಿ. ಬೇಡಪ್ಪ, ಇರೋ ದನಿಯಲ್ಲಿ ಹೇಳು. ಮ್ಯಾನೇಜರಿಗೆ ನಾನು ಹೇಳ್ಕೋತೀನಿ, ಅದೇ ಮಗು, ಸ್ವಲ್ಪ ತಡವಾಯ್ತು ಅಂತ.”

ಇರುವ ದನಿಯಲ್ಲಿ ಹೇಳುವುದು ಕಷ್ಟವಿತ್ತು. ಎರಡನೇ ನಿಲ್ದಾಣಕ್ಕೇ ಜಾರಿತು. ನೀರು ಕುಡಿದೆ. ಮತ್ತೆ ಹೇಳಿದೆ. ಹೊಸ ಬಡಾವಣೆ. ಹೆರಿಗೆ ಆಸ್ಪತ್ರೆ. ಕಾಲೇಜು. ನಾಲ್ಕನೇ ಸಲಕ್ಕೆ ಆರೂ ಸರಿಯಾಗಿ ಬಂದವು.

ಮಾವ ವೈರು ಸುತ್ತುತ್ತಾ ನಿಂತರು. “ಹೇಗೂ ಯಂತ್ರ ಬಿಚ್ಚಿದ್ದೀನಿ. ಹಳೇ ಹದಿನಾಲ್ಕನ್ನೂ ಹೇಳಿಬಿಡು, ಎಲ್ಲ ಒಂದೇ ದನಿಯಾಗುತ್ತೆ. ನೀನು ಬಂದಿದ್ದೇ ಅದಕ್ಕಲ್ವಾ? ಮ್ಯಾನೇಜರು ಬಸ್ಸು ಹತ್ತೋರಲ್ಲ, ಗೊತ್ತಾಗಲ್ಲ.”

ಇಷ್ಟು ದಿನ ನಾನು ಕಾದಿದ್ದು ಈ ಮಾತಿಗೇ. ಸದ್ದು ಎಷ್ಟಿರಬೇಕೆಂದು ತಿಳಿಯಲು ಹಳೆಯದನ್ನೊಮ್ಮೆ ಕೇಳು ಎಂದು ಕಿವಿಗೆ ಹೆಡ್‌ಫೋನು ಸಿಕ್ಕಿಸಿದರು. ಬಸ್ಸಿನ ಗದ್ದಲವಿಲ್ಲದೆ ಅವನನ್ನು ನಾನು ಕೇಳಿದ್ದು ಅದೇ ಮೊದಲು. ಪ್ರತಿ ಹೆಸರಿಗೂ ಮುಂಚೆ ನೀರಿಗೆ ಹಾರುವವನಂತೆ ಉಸಿರೆಳೆದುಕೊಳ್ಳುತ್ತಿದ್ದ. ‘ಆತ್ಪತ್ರೆ’ ಅನ್ನುವಾಗ ಒಂದಿಷ್ಟೂ ಅಳುಕಿಲ್ಲ. ಊರು ಕೇಳಿದರೆ ಕೇಳಲಿ, ಬಿಟ್ಟರೆ ಬಿಡಲಿ, ಬಾಗಿಲ ಹತ್ತಿರ ನಿಂತವರು ಬೀಳಬಾರದು, ಅಷ್ಟೇ ಅವನ ಚಿಂತೆ. ಕೊನೆಗೆ ಕಂಬಳಿಯೊಳಗೆ ಕಿಸಕ್ಕೆಂದು ನಕ್ಕಿದ್ದ. ಆ ನಗು ಬಸ್ಸಿನಲ್ಲಿ ಎಂದೂ ಕೇಳಿಸಿರಲಿಲ್ಲ.

ಹೆಡ್‌ಫೋನು ತೆಗೆದೆ. “ಇರ್ಲಿ ಬಿಡಿ ಮಾವ.”

“ಇರ್ಲಿ ಅಂದ್ರೆ?”

“ಅವನ ಹದಿನಾಲ್ಕು ಅವನಿಗೇ ಇರ್ಲಿ. ಚೆನ್ನಾಗಿ ಹೇಳ್ತಾನೆ.”

ಮಾವ ನನ್ನನ್ನೊಮ್ಮೆ ನೋಡಿ, “ಮೊದಲೇ ಹೇಳಿದ್ರೆ ನೀನು ಆ ಭಾನುವಾರ ನಿದ್ದೆ ಮಾಡಬಹುದಿತ್ತು” ಎಂದು ಸ್ಕ್ರೂ ಬಿಗಿದರು.

ಕಾಲೇಜಿನ ಮೊದಲ ದಿನ ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ನನ್ನದೇ ವಯಸ್ಸಿನವರು, ಹೊಸ ಬ್ಯಾಗು, ಬಾಚಿ ಬಾಚಿ ಅಂಟಿಸಿದ ಕೂದಲು. ಪ್ರತಿಯೊಬ್ಬರೂ ಉಳಿದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಎಂಬಂತೆ ನಿಂತಿದ್ದರು. ಮಗು ಟ್ಯಾಂಕಿನವರೆಗೆ ಹೇಳಿತು. ಆಮೇಲೆ ಮೇಲಿನ ಸ್ಪೀಕರಿನಿಂದ ಒಂದು ದಪ್ಪ ದನಿ, ಸ್ವಲ್ಪ ಗಂಭೀರವಾಗಿ, “ಮುಂದಿನ ನಿಲ್ದಾಣ, ಹೊಸ ಬಡಾವಣೆ” ಎಂದಿತು. ಯಾರೂ ತಲೆಯೆತ್ತಲಿಲ್ಲ. ಇಬ್ಬರು ಎದ್ದು ಇಳಿದರು. ಹೆರಿಗೆ ಆಸ್ಪತ್ರೆ ಎಂದಾಗ ಮೂಲೆಯಲ್ಲಿ ತೂಕಡಿಸುತ್ತಿದ್ದ ಯಾರದೋ ಅಜ್ಜಿ ಕಣ್ಣು ಬಿಟ್ಟು, ಚೀಲ ಎತ್ತಿಕೊಂಡು, ನೇರವಾಗಿ ಬಾಗಿಲಿಗೆ ನಡೆದರು. ನಾನು ಹೇಳಿದ್ದಕ್ಕೆ. ಕಾಲೇಜು ಎಂದಾಗ ಅರ್ಧ ಬಸ್ಸೇ ಎದ್ದಿತು. ಒಬ್ಬೊಬ್ಬರಾಗಿ ಅವರೆಲ್ಲ ಇಳಿಯುವುದನ್ನು ಮದುವೆಮನೆಯ ಯಜಮಾನನಂತೆ ನೋಡುತ್ತಾ ನಿಂತೆ. ಬಾಗಿಲು ಮುಚ್ಚಿತು. ಬಸ್ಸು ಹೊರಟಿತು.

“ಏನಪ್ಪಾ,” ಅಂದಳು ಕಂಡಕ್ಟರ್ ಹೆಂಗಸು, “ಕಾಲೇಜಿಗೆ ಟಿಕೆಟ್ ತಗೊಂಡೆಯಲ್ಲ. ಹೆಸರು ಹೇಳಿದ್ದು ಕೇಳಿಸಲಿಲ್ವಾ?”

“ಕೇಳಿಸ್ತು,” ಅಂದೆ. “ಚೆನ್ನಾಗಿ ಕೇಳಿಸ್ತು.”

ಮುಂದಿನ ನಿಲ್ದಾಣದಲ್ಲಿ ಇಳಿದು ಕಾಲೇಜಿನ ಕಡೆ ಓಡಿದೆ.