ಎಂಜಲಾದ ಸಾರು

ಅಪ್ಪಾಸಾಹೇಬರ ಖಾನಾವಳಿಯ ಅಡುಗೆಮನೆಗೆ ಒಂದೇ ಕಿಟಕಿ. ಅದನ್ನೂ ಅವರು ಹಲಗೆ ಹೊಡೆಸಿ ಮುಚ್ಚಿಸಿದ್ದರು. ಹೊಗೆಗೆ ನಮ್ಮ ಕಣ್ಣು ಸದಾ ಕೆಂಪು. ಪಾತ್ರೆ ತಿಕ್ಕುವ ನಾನು, ಹಿಟ್ಟು ಬೀಸುವ ರುದ್ರವ್ವ, ನೀರು ಹೊರುವ ಹೊಳಬಸಪ್ಪ ಹಿತ್ತಲ ಬಾಗಿಲಿಂದ ಬಂದು ಅಲ್ಲಿಂದಲೇ ಹೋಗುತ್ತಿದ್ದೆವು. ಒಲೆಯ ಮುಂದೆ ಈರಣ್ಣ.

ಪುಣೆಯಲ್ಲಿ ಧಾರವಾಡ, ಬೆಳಗಾವಿ ಕಡೆಯ ಕಾರಕೂನರಿಗೆ ಊಟವೆಂದರೆ ಈ ಖಾನಾವಳಿಯೇ. ಬಾಗಿಲ ಮೇಲೆ 'ಬ್ರಾಹ್ಮಣರ ಅಡುಗೆ' ಎಂಬ ಫಲಕ. ಬಡಿಸುವ ಪ್ರಲ್ಹಾದ ಬ್ರಾಹ್ಮಣನೇ. ಬೇಯಿಸುವವನು ಯಾರಿಗೂ ಕಾಣಬಾರದು, ಕಿಟಕಿ ಮುಚ್ಚಿದ್ದು ಅದಕ್ಕೇ.

ಈರಣ್ಣ ಗೋಕಾಕ ಕಡೆಯವನು. ಯುದ್ಧದಲ್ಲಿ ಬರ್ಮಾದ ಕಾಡಿನಲ್ಲಿ ಪಲ್ಟಣಿಗೆ ಅಡುಗೆ ಮಾಡಿದವನು. ಯುದ್ಧ ಮುಗಿದಾಗ ಸರಕಾರ ಒಂದು ಕಂಬಳಿ ಕೊಟ್ಟು ಪುಣೆ ಸ್ಟೇಷನ್ನಿನಲ್ಲಿ ಬಿಟ್ಟಿತು. ಅಷ್ಟರಲ್ಲಿ ಅವನೊಳಗೆ ಏನೋ ಆರಿಹೋಗಿತ್ತು. ನಗುತ್ತಿರಲಿಲ್ಲ, ಸಿಟ್ಟಾಗುತ್ತಿರಲಿಲ್ಲ. ಕಾದ ಎಣ್ಣೆ ಕೈಗೆ ಸಿಡಿದರೂ ನೋಡಿ ಒರೆಸಿಕೊಳ್ಳುತ್ತಿದ್ದ, ಅಷ್ಟೇ. ಒಂದು ಆಸೆ ಮಾತ್ರ ಉಳಿದಿತ್ತು.

"ಊರಾಗ ನಾಕ ಮಂದಿ ನನಗ ಅಡಗಿಯಾಂವ ಅನ್ಬೇಕು ಕಾಶವ್ವ," ಎಂದಿದ್ದ. "ದೀಪಾವಳಿಗೆ ಎಲ್ಲಾರ ಮುಂದ ನನ್ನ ಹೆಸರು ಹೇಳ್ತೀನಂದಾರ ಸಾಹೇಬ್ರು."

ಅರ್ಧ ಸಂಬಳಕ್ಕೆ ದುಡಿಸಿಕೊಳ್ಳುವವರ ದೀಪಾವಳಿ ಯಾವಾಗಲೂ ಮುಂದಿನ ವರ್ಷದ್ದೇ.

ಅವತ್ತು ಪ್ರಲ್ಹಾದನಿಗೆ ಜ್ವರ. ಪಂಕ್ತಿ ಕೂತಾಗಿತ್ತು. ಅಪ್ಪಾಸಾಹೇಬರು ಒಳಗೆ ಓಡಿ ಬಂದರು.

"ಈರ್ಯಾ, ಮಡಿ ಉಟ್ಕೋ. ಈ ಜನಿವಾರ ಹಾಕ್ಕೋ. ಬಡಸು, ಬಾಯಿ ಬಿಡಬ್ಯಾಡ."

"ನಾನ್ರಿ?"

"ನೀನ. ಜಲ್ದಿ."

ಈರಣ್ಣ ಸಾರಿನ ಕೊಳಗ ಹೊತ್ತು ಪಡಸಾಲೆಗೆ ಹೋದ. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಹಿರಿಯ ಕಾರಕೂನ ಮಾರ್ತಾಂಡರಾಯರ ಮುಂದೆ ಕೊಳಗ ಇಳಿಸಿ ನೆಟ್ಟಗೆ ನಿಂತ. ಸೌಟಿನಿಂದ ಅಂಗೈಗೆ ಸಾರು ಸುರಿದುಕೊಂಡು ಅವರೆದುರೇ ಕುಡಿದ.

ಪಲ್ಟಣಿಯಲ್ಲಿ ಅದೇ ಪದ್ಧತಿಯಂತೆ. ಅಡುಗೆಯವನು ಸಾಹೇಬನ ಮುಂದೆ ಮೊದಲು ತಾನು ಉಂಡು ತೋರಿಸಬೇಕು. ಅಲ್ಲಿ ಅದು ಮರ್ಯಾದೆ, ಇಲ್ಲಿ ಎಂಜಲು.

ಮಾರ್ತಾಂಡರಾಯರು ಎಲೆ ಬಿಟ್ಟೆದ್ದರು. "ಎಂಜಲ ಮಾಡಿದಲ್ಲೋ. ಯಾವ ಗೋತ್ರದಾಂವ ನೀ?"

ದೊಡ್ಡವರು ಕೇಳಿದರೆ ಇದ್ದದ್ದು ಹೇಳುವುದೂ ಪಲ್ಟಣಿಯ ರೂಢಿಯೇ.

"ನಾವು ಹೊಲ್ಯಾರ್ರಿ."

ಪಂಕ್ತಿಯೆಲ್ಲ ಎದ್ದಿತು. ಅಪ್ಪಾಸಾಹೇಬರು ಕೈಮುಗಿದರು.

"ನನಗೂ ಮೋಸ ಮಾಡ್ಯಾನ್ರಿ ರಾಯರ. ಬಡಸಾಕಂತ ಇವತ್ತ ಬಂದಾಂವ. ಅಡಗಿ ಮಾಡಾಂವ ಬ್ಯಾರೆ ಇದ್ದಾನ್ರಿ, ನಮ್ಮಾಂವನ."

ಈರಣ್ಣನ ಜಾತಿ ತಿಳಿದೇ ಕರೆತಂದು ಕಿಟಕಿ ಮುಚ್ಚಿಸಿದವರು ಇವರು. ಎಷ್ಟು ಸಲೀಸಾಗಿ ಹೇಳಿದರು! ಎಲ್ಲಕ್ಕೂ ಕಲ್ಲಿನಂತೆ ನಿಂತಿದ್ದ ಈರಣ್ಣ ಆ ಮಾತಿಗೆ ತಲೆ ಎತ್ತಿ ಅವರನ್ನು ನೋಡಿದ.

"ಶುದ್ಧಿ ಮಾಡಸ್ರಿ. ಹೊಸಾ ಅಡಗಿ ಆಗೂತನಾ ಹೊರಗ ಇರ್ತೀವಿ," ಎಂದು ಕಾರಕೂನರು ಓಣಿಗಿಳಿದರು.

ಅಪ್ಪಾಸಾಹೇಬರು ಈರಣ್ಣನ ಹತ್ತಿರ ಬಂದು ದನಿ ತಗ್ಗಿಸಿದರು. "ಎಲ್ಲಾ ಚೆಲ್ಲಿ ಹೋಗು. ಸ್ವಲ್ಪ ದಿನ ಬಿಟ್ಟು ಹಿತ್ತಲಿಂದ ಬಾ. ಒಲಿ ನಿಂದ." ಗೋಮೂತ್ರ ತರಲು ಪಕ್ಕದ ಮನೆಗೆ ಹೋದರು.

ಈರಣ್ಣ ಜನಿವಾರ ತೆಗೆದು ಗೂಟಕ್ಕೆ ಹಾಕಿದ. ಪಡಸಾಲೆಯಲ್ಲಿ ಹೊಸ ಎಲೆ ಹಾಸಿ ನಮ್ಮನ್ನು ಕರೆದ.

"ಬರ್ರಿ, ಕೂಡ್ರಿ. ಅನ್ನ ಆರತದ."

ನಾವು ಆ ಪಡಸಾಲೆಯನ್ನು ಸಾರಿಸಿದ್ದುಂಟು, ಅಲ್ಲಿ ಕೂತವರಲ್ಲ. ಹೊಳಬಸಪ್ಪ ಕಾಲು ಒರೆಸಿಕೊಂಡು ಕೂತ. ರುದ್ರವ್ವ ಕೂತಳು. ನಾನು ಕುರುಬರವಳು. ಅವನ ಜಾತಿ ನನಗೂ ಅವತ್ತೇ ತಿಳಿದದ್ದು. ಕೈ ಎಲೆಯ ಮೇಲೆ ಒಂದು ಗಳಿಗೆ ತಡೆಯಿತು. ನಾಚಿಕೆಯಾಯಿತು. ಕಲಸಿ ಉಂಡೆ.

ಅಪ್ಪಾಸಾಹೇಬರು ಗಿಂಡಿ ಹಿಡಿದು ಬಾಗಿಲಲ್ಲಿ ನಿಂತರು. ಮುಖ ಕಪ್ಪಿಟ್ಟಿತು.

"ಏಳ್ರಿ. ನನ್ನ ಮನಿ ಮೈಲಿಗಿ ಆತು."

ಯಾರೂ ಏಳಲಿಲ್ಲ. ಈರಣ್ಣ ಸೌಟು ಹಿಡಿದು ಅವರ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿಲ್ಲ, ಅಳುವಿಲ್ಲ. ಆದರೆ ಪರೇಡಿನಲ್ಲಿ ಹೇಳುವಷ್ಟು ಗಟ್ಟಿಯಾಗಿ ಕೇಳಿದ.

"ವರ್ಷಾತು, ಎರಡೂ ಹೊತ್ತು ನನ್ನ ಕೈ ಅಡಗೀನ ಉಂಡೀರಿ, ನೀವೂ, ಹೊರಗ ನಿಂತ ರಾಯರೂ. ಇವತ್ತೂ ಬಡಸ್ಲೇನ್ರಿ, ಸಾಹೇಬ್ರ?"

ಓಣಿಯಲ್ಲಿ ಮಾತು ನಿಂತಿತು. ಅವರೆಲ್ಲರಿಗೂ ಕೇಳಿಸಿತ್ತು.